ನಾಲ್ಕು ಭೂಪಟಗಳು, ಒಂದು ಪ್ರಶ್ನೆ

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ಸಭಾಂಗಣದ ಗೋಡೆಗೆ ತರುಣರು ನಾಲ್ಕು ಭೂಪಟಗಳನ್ನು ತೂಗುಹಾಕಿದ್ದರು. ಹೊರನಾಡಿನಲ್ಲಿ, ಅದರಲ್ಲೂ ತಮಿಳುನಾಡಿನಲ್ಲಿ, ಕನ್ನಡ ಮಾತನಾಡುವವರು ಎಲ್ಲೆಲ್ಲಿ ಎಷ್ಟೆಷ್ಟು ಇದ್ದಾರೆ ಎಂಬುದನ್ನು ತೋರಿಸುವುದು ಅವರ ಉದ್ದೇಶ. ಶ್ರಮಪಟ್ಟು ಮಾಡಿದ ಕೆಲಸ. ಬಂದವರೆಲ್ಲ ನೋಡಿ ಮೆಚ್ಚಿ ಕಾಫಿಯ ಕಡೆಗೆ ನಡೆದರು. ಸದಸ್ಯರೊಬ್ಬರ ಮಗಳು, ಆರನೆಯ ತರಗತಿಯ ಹುಡುಗಿ, ಮಾತ್ರ ಎರಡನೆಯ ಭೂಪಟದ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನಮ್ಮ ಕಡೆ ತಿರುಗಿ, "ಮಾಮಾ, ಚೆನ್ನೈಗೆ ಬಣ್ಣವೇ ಹಾಕಿಲ್ಲವಲ್ಲ. ಇಲ್ಲಿ ಕನ್ನಡದವರು ಯಾರೂ ಇಲ್ಲವಾ?" ಎಂದು ಕೇಳಿದಳು.

ಆ ಕ್ಷಣದಲ್ಲಿ ಸಭಾಂಗಣದಲ್ಲಿ ಏನಿಲ್ಲವೆಂದರೂ ಇನ್ನೂರು ಮಂದಿ ಕನ್ನಡಿಗರಿದ್ದೆವು. ಭೂಪಟದಲ್ಲಿ ಒಬ್ಬರೂ ಇರಲಿಲ್ಲ.

ಈ ನಾಲ್ಕರಲ್ಲಿ ಒಂದನ್ನು ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಅಚ್ಚು ಹಾಕಿಸಬೇಕೆಂದು ಕಾರ್ಯಕಾರಿ ಸಮಿತಿ ಯೋಚಿಸುತ್ತಿದೆ. ಯಾವುದು ಆಗಬಹುದೆಂದು ನಮ್ಮನ್ನು ಕೇಳಿದ್ದಾರೆ. ನಾವು ಭೂಗೋಳ ಪಂಡಿತರಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸ್ಟೇಟ್‌ಮೆಂಟುಗಳನ್ನು ತಯಾರಿಸುವ ಗುಮಾಸ್ತರು, ಓದಿದ್ದು ಬಿ.ಎಸ್ಸಿ. ಆದರೆ ಒಂದೇ ಅಂಕಿಯನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದರೆ ಬೇರೆ ಬೇರೆ ಅರ್ಥ ಬರುತ್ತದೆಂಬುದನ್ನು ಇಪ್ಪತ್ತು ವರ್ಷಗಳಿಂದ ಕಂಡವರು. ನಾಟಕಕ್ಕೆ, ಕಾದಂಬರಿಗೆ, ಸಂಗೀತ ಕಚೇರಿಗೆ ಈ ಪುಟಗಳಲ್ಲಿ ವಿಮರ್ಶೆ ಬರುತ್ತದೆ. ಭೂಪಟಕ್ಕೂ ಒಂದು ವಿಮರ್ಶೆ ಬರಲಿ.

ಮೊದಲು ಒಂದು ಮಾತು. ಭೂಪಟದಲ್ಲಿ ಎರಡು ಬಗೆ. ಊರು ಎಲ್ಲಿದೆ, ಹೊಳೆ ಎತ್ತ ಹರಿಯುತ್ತದೆ, ರಸ್ತೆ ಯಾವುದು ಎಂದು ಹೇಳುವುದು ಒಂದು. ಇದಕ್ಕೆ ಬೇಕಾದ್ದು ನಿಷ್ಕೃಷ್ಟ ಅಳತೆ. ಅಂಥ ಅಳತೆಯ ಅತಿ ದೊಡ್ಡ ಕೆಲಸ ಆರಂಭವಾದದ್ದು ನಮ್ಮ ಮನೆಯ ಅಂಗಳದಲ್ಲೇ. ವಿಲಿಯಂ ಲ್ಯಾಂಬ್ಟನ್ ಸಾಹೇಬರು 1802ರ ಏಪ್ರಿಲಿನಲ್ಲಿ ಪರಂಗಿಮಲೆಯ ಬಳಿ ಆಧಾರರೇಖೆಯನ್ನು ಸರಪಣಿಯಿಂದ ಅಳೆಯಿಸಿ, ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬೆಂಗಳೂರಿನ ಮೇಲೆ ಮಂಗಳೂರಿನ ಕರಾವಳಿಯವರೆಗೂ ಹೋದರು. ಎರಡನೆಯ ಬಗೆ, ಒಂದು ವಿಷಯವನ್ನು ಹಿಡಿದು ಅದು ಎಲ್ಲಿ ಎಷ್ಟಿದೆ ಎಂದು ಹೇಳುವ ಭೂಪಟ: ಮಳೆ, ಬೆಳೆ, ರೋಗ, ಓದು ಬರಹ, ಭಾಷೆ. ಇವನ್ನು ತಯಾರಿಸುವುದಕ್ಕೆಂದೇ ಕಲ್ಕತ್ತೆಯಲ್ಲಿ 1956ರಲ್ಲಿ ಪ್ರೊ. ಎಸ್. ಪಿ. ಚಟರ್ಜಿಯವರ ನೇತೃತ್ವದಲ್ಲಿ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ ಹುಟ್ಟಿತು. ಈ ಬಗೆಯಲ್ಲಿ ಅಳತೆ ಸರಿಯಾಗಿದ್ದರೆ ಸಾಲದು; ತೋರಿಸುವ ರೀತಿಯೂ ಸರಿಯಾಗಿರಬೇಕು. ಪ್ರತಿಯೊಂದು ಅಂಕಿಯೂ ನಿಜವಾಗಿದ್ದು, ಒಟ್ಟು ಚಿತ್ರ ಮಾತ್ರ ಸುಳ್ಳಾಗಿರುವುದು ಇಲ್ಲಿ ಸಾಧ್ಯ. ಹುಡುಗಿಯ ಪ್ರಶ್ನೆಯೇ ಇದಕ್ಕೆ ಸಾಕ್ಷಿ.

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಭಾರತದ ಭಾಷೆಗಳ ಭೂಪಟ. ಶಾಲೆಯ ಅಟ್ಲಾಸಿನಲ್ಲಿ ಎಲ್ಲರೂ ಕಂಡದ್ದು. ಒಂದು ಭಾಷೆಗೆ ಒಂದು ಬಣ್ಣ. ಕರ್ನಾಟಕ ಹಳದಿ, ತಮಿಳುನಾಡು ಹಸಿರು, ಆಂಧ್ರ ನೀಲಿ. ಓದುವುದಕ್ಕೆ ಇದಕ್ಕಿಂತ ಸುಲಭವಾದ ಭೂಪಟವಿಲ್ಲ. ಮೂರನೆಯ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಅದರ ಗುಣವೂ ಅದೇ, ದೋಷವೂ ಅದೇ. ಎಲ್ಲಿ ಯಾರು ಹೆಚ್ಚೋ ಆ ಜಾಗವೆಲ್ಲ ಅವರದೇ, ಉಳಿದವರು ಲೆಕ್ಕಕ್ಕಿಲ್ಲ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.8 ಲಕ್ಷ, ರಾಜ್ಯದ ಜನಸಂಖ್ಯೆಯಲ್ಲಿ ಶೇಕಡ 1.78. ಹಸಿರು ಬಣ್ಣದ ಕೆಳಗೆ ಇಷ್ಟು ಜನವೂ ಅಡಗಿಹೋದರು.

ಇಂಥ ಭೂಪಟದಲ್ಲಿ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಘಟಕ ಹಿಡಿದು ಬಣ್ಣ ಹಾಕಿದ್ದಾರೆ ಎಂಬುದು. ಕಾಸರಗೋಡಿನ ಕಥೆ ನಮಗೆಲ್ಲ ಗೊತ್ತಿದೆ. ಇಡೀ ತಾಲ್ಲೂಕನ್ನು ಒಂದು ಘಟಕವೆಂದು ಹಿಡಿದಾಗ ಅದಕ್ಕೆ ಒಂದು ಬಣ್ಣ ಬಂತು. 1956ರಲ್ಲಿ ತಾಲ್ಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯನ್ನು ಗೆರೆಯಾಗಿ ಹಿಡಿದು ನೋಡಿದ ಮಹಾಜನ ಆಯೋಗ, ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ನಾವಿರುವ ರಾಜ್ಯದ ಉತ್ತರದ ಗಡಿಯಲ್ಲಿ ಪಟಾಸ್ಕರ್ ಅವರು ಗ್ರಾಮವನ್ನೇ ಘಟಕವಾಗಿ ಹಿಡಿದರು; ಅದರಂತೆ 1960ರ ಏಪ್ರಿಲ್ 1ರಂದು ತಿರುತ್ತಣಿ ಮದರಾಸಿಗೆ ಬಂತು. ಜನ ಅವರೇ, ಮಾತು ಅದೇ. ಘಟಕ ಬದಲಾದರೆ ಬಣ್ಣ ಬದಲಾಗುತ್ತದೆ. ಈ ವಾದಗಳಲ್ಲಿ ಯಾರು ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸವಲ್ಲ. ಬಣ್ಣದ ಭೂಪಟ ಕಂಡಾಗ ಘಟಕ ಯಾವುದೆಂದು ಕೇಳದೆ ಒಪ್ಪಬಾರದು, ಇಷ್ಟೇ ನಮ್ಮ ಮಾತು.

ಎರಡನೆಯದು ಹುಡುಗಿ ನೋಡುತ್ತ ನಿಂತದ್ದು. ತಮಿಳುನಾಡಿನ ಜಿಲ್ಲೆಗಳ ಛಾಯಾ ಭೂಪಟ. ಕನ್ನಡಿಗರ ಪ್ರಮಾಣ ಹೆಚ್ಚಿರುವ ಜಿಲ್ಲೆಗೆ ಗಾಢ ಬಣ್ಣ, ಕಡಮೆ ಇರುವಲ್ಲಿ ತೆಳು ಬಣ್ಣ. ಫ್ರಾನ್ಸಿನ ಷಾರ್ಲ್ ದ್ಯುಪಾಂ ಎಂಬುವರು 1826ರಲ್ಲಿ ತಮ್ಮ ದೇಶದ ಶಿಕ್ಷಣದ ಸ್ಥಿತಿಯನ್ನು ಕಪ್ಪು ಬಿಳುಪಿನ ಛಾಯೆಗಳಲ್ಲಿ ತೋರಿಸಿದಂದಿನಿಂದ ಇದು ಸರ್ಕಾರಿ ವರದಿಗಳ ಮೆಚ್ಚಿನ ರೀತಿ. ಅಂಕಿಗಳು ಜಿಲ್ಲೆವಾರು ಸಿದ್ಧವಾಗಿ ಸಿಗುತ್ತವೆ, ಬಣ್ಣ ತುಂಬಿದರೆ ಆಯಿತು. ನಮ್ಮ ತರುಣರ ಭೂಪಟದಲ್ಲಿ ನೀಲಗಿರಿ, ಕೃಷ್ಣಗಿರಿಗಳು ಗಾಢವಾಗಿದ್ದವು, ಚೆನ್ನೈ ಬಿಳಿಚಿಕೊಂಡಿತ್ತು.

ಯಾಕೆ? ಶೇಕಡಾವಾರು ಲೆಕ್ಕದಲ್ಲಿ ನಮ್ಮ ಪಾಲು ಇಲ್ಲಿ ಸಣ್ಣದು, ನಿಜ. ಆದರೆ ಯಾವುದರ ಶೇಕಡ? 2011ರಲ್ಲಿ ಚೆನ್ನೈ ಜಿಲ್ಲೆಯ ಜನ 46 ಲಕ್ಷಕ್ಕೂ ಮೇಲು, ನೀಲಗಿರಿಯವರು 7.35 ಲಕ್ಷ. ನೀಲಗಿರಿಯಲ್ಲಿ ನೂರಕ್ಕೆ ಒಬ್ಬರೆಂದರೆ ಏಳು ಸಾವಿರ ಚಿಲ್ಲರೆ. ಚೆನ್ನೈಯಲ್ಲಿ ನೂರಕ್ಕೆ ಒಬ್ಬರೆಂದರೆ 46 ಸಾವಿರ. ಎರಡಕ್ಕೂ ಈ ಭೂಪಟ ಒಂದೇ ಬಣ್ಣ ಹಾಕುತ್ತದೆ. ಇದರ ಮೇಲೆ ವಿಸ್ತೀರ್ಣದ ಮೋಸ ಬೇರೆ. ಆಗಿನ ಚೆನ್ನೈ ಜಿಲ್ಲೆ ಸುಮಾರು 175 ಚದರ ಕಿಲೋಮೀಟರು; ಕೃಷ್ಣಗಿರಿ 5,143. ಚೆನ್ನೈಯ ಜನಸಂಖ್ಯೆಯ ಅರ್ಧವೂ ಇಲ್ಲದ ಜಿಲ್ಲೆ ಭೂಪಟದಲ್ಲಿ ಇಪ್ಪತ್ತೊಂಬತ್ತು ಪಾಲು ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ. ರಾಜ್ಯದ ಹದಿನೈದು ಜನರಲ್ಲಿ ಒಬ್ಬರು ವಾಸಿಸುವ ಊರಿಗೆ ಕಾಗದದ ಮೇಲೆ ಸಿಕ್ಕಿದ ಜಾಗ ಏಳುನೂರ ನಲವತ್ತರಲ್ಲಿ ಒಂದು ಪಾಲು. ಕಣ್ಣು ಬಣ್ಣವನ್ನು ಎಣಿಸುತ್ತದೆ, ತಲೆಗಳನ್ನಲ್ಲ.

ಜಿಲ್ಲೆಯ ಗಡಿಯೂ ಶಾಶ್ವತವಲ್ಲ. ಹೊಸೂರಿನ ಕನ್ನಡಿಗರನ್ನು ನೋಡಿ. 1965ರವರೆಗೆ ಅವರು ಸೇಲಂ ಜಿಲ್ಲೆಯವರು. ದೊಡ್ಡ ಜಿಲ್ಲೆಯ ಜನರಾಶಿಯಲ್ಲಿ ಬೆರೆತು ಬಣ್ಣ ತೆಳುವಾಗಿತ್ತು. ಆಮೇಲೆ ಧರ್ಮಪುರಿ ಜಿಲ್ಲೆಯವರಾದರು; ಬಣ್ಣ ಕೊಂಚ ಏರಿತು. 2004ರಲ್ಲಿ ಕೃಷ್ಣಗಿರಿ ಬೇರೆಯಾದಾಗ ಇನ್ನೂ ಗಾಢವಾಯಿತು. ಯಾರೂ ಮನೆ ಬದಲಾಯಿಸದಿದ್ದರೂ ಬಣ್ಣ ಏರುತ್ತಲೇ ಹೋಯಿತು. ಮೂರು ಕಾಲದ ಮೂರು ಭೂಪಟಗಳನ್ನು ಪಕ್ಕದಲ್ಲಿಟ್ಟು "ಹೊಸೂರಿನ ಕಡೆ ಕನ್ನಡ ಬೆಳೆಯುತ್ತಿದೆ" ಎಂದು ಯಾರಾದರೂ ಭಾಷಣ ಮಾಡಿದರೆ ಚಪ್ಪಾಳೆ ಬೀಳುವುದು ಖಂಡಿತ. ಮಾತು ಮಾತ್ರ ಪೊಳ್ಳು. ನಂಗನಲ್ಲೂರು, ಅಂಬತ್ತೂರುಗಳ ನಮ್ಮ ಬಂಧುಗಳಿಗೂ ಇದು ಅನ್ವಯಿಸುತ್ತದೆ. 2011ರ ಲೆಕ್ಕದಲ್ಲಿ ಅವರು ಕಾಂಚೀಪುರಂ, ತಿರುವಳ್ಳೂರು ಜಿಲ್ಲೆಗಳವರು. ಚೆನ್ನೈ ಜಿಲ್ಲೆ 426 ಚದರ ಕಿಲೋಮೀಟರಿಗೆ ಬೆಳೆದು ಅವರನ್ನು ಒಳಗೆ ಸೇರಿಸಿಕೊಂಡದ್ದು 2018ರಲ್ಲಿ.

ಸರಾಸರಿ ಒಳಗಿನದನ್ನು ಮುಚ್ಚುವುದಂತೂ ಇದ್ದೇ ಇದೆ. ಈರೋಡು ಜಿಲ್ಲೆ ಈ ಭೂಪಟದಲ್ಲಿ ಮಧ್ಯಮ ಬಣ್ಣದ್ದು. ಆದರೆ ಅದೇ ಜಿಲ್ಲೆಯ ತುದಿಯಲ್ಲಿ, ಸತ್ಯಮಂಗಲದ ಕಾಡಿನಾಚೆ ಚಾಮರಾಜನಗರಕ್ಕೆ ಅಂಟಿಕೊಂಡಿರುವ ತಾಳವಾಡಿಯಲ್ಲಿ ಕನ್ನಡವೇ ಬಹುಜನರ ಮಾತು. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲೇ. ಜಿಲ್ಲೆಯ ಸರಾಸರಿಯಲ್ಲಿ ಗಾಜನೂರು ಕಾಣದು. ನಮ್ಮ ನಾಡಿನಲ್ಲೂ ಹೀಗೆಯೇ; ಶಿವಮೊಗ್ಗ ಜಿಲ್ಲೆಯ ಸರಾಸರಿ ಮಳೆಯನ್ನು ಒಂದೇ ಬಣ್ಣದಲ್ಲಿ ತುಂಬಿದರೆ ಆಗುಂಬೆಯ ಮಳೆ ಎಲ್ಲಿಗೆ ಹೋಯಿತೆಂದು ಹುಡುಕಬೇಕು.

ಇನ್ನು ಮೆಟ್ಟಿಲುಗಳ ಮಾತು. ತರುಣರು 5, 10, 20 ಎಂದು ದುಂಡು ಅಂಕಿಗಳಲ್ಲಿ ಬಣ್ಣ ಬದಲಿಸಿದ್ದಾರೆ. ನೋಡಲು ಚೆಂದ. ಆದರೆ ಭಾಷಾ ಅಲ್ಪಸಂಖ್ಯಾತರಿಗೆ ಬೇಕಾದ ಅಂಕಿ 15. ಒಂದು ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ಪುರಸಭೆಯಲ್ಲೋ ಒಂದು ಭಾಷೆಯವರು ಶೇಕಡ 15ಕ್ಕೆ ಕಡಮೆಯಿಲ್ಲದಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು ಅಖಿಲ ಭಾರತ ಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣಾ ಕ್ರಮಗಳಲ್ಲೊಂದು. 10ರಿಂದ 20ರವರೆಗೆ ಒಂದೇ ಬಣ್ಣ ಹಾಕಿದರೆ, ಈ ಅರ್ಹತೆ ಯಾರಿಗಿದೆ, ಯಾರಿಗಿಲ್ಲ ಎಂಬ ಒಂದೇ ಒಂದು ಉಪಯುಕ್ತ ಸಂಗತಿ ಅಳಿಸಿಹೋಗುತ್ತದೆ. ಮೆಟ್ಟಿಲನ್ನು ಎಲ್ಲಿ ಕಡಿಯಬೇಕೆಂಬುದು ಅಂದದ ಪ್ರಶ್ನೆಯಲ್ಲ, ಅಗತ್ಯದ ಪ್ರಶ್ನೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಬೋಧನೆಗಾದರೋ ಶೇಕಡಾವಾರಿನ ಮಾತೇ ಇಲ್ಲ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳು ಎಂಬುದು ಅಲ್ಲಿಯ ಸೂತ್ರ. ಅದಕ್ಕೆ ಬೇಕಾದ್ದು ತಲೆಲೆಕ್ಕದ ಭೂಪಟ.

ಹೀಗೆ ಮೂರನೆಯದಕ್ಕೆ ಬರುತ್ತೇವೆ. ಇದು ವೃತ್ತಗಳ ಭೂಪಟ. ಪ್ರತಿ ಜಿಲ್ಲೆಯ ನಡುವೆ ಒಂದು ವೃತ್ತ. ಜನ ಹೆಚ್ಚಿದ್ದಷ್ಟೂ ವೃತ್ತ ದೊಡ್ಡದು. ಇಲ್ಲಿ ಚೆನ್ನೈಗೆ ಮರ್ಯಾದೆ ಸಿಕ್ಕಿದೆ. ಜಿಲ್ಲೆ ಸಣ್ಣದಾದರೂ ವೃತ್ತ ಸಣ್ಣದಾಗಬೇಕಿಲ್ಲ. ತಲೆಗಳನ್ನು ತೋರಿಸಲು ಇದು ಪ್ರಾಮಾಣಿಕವಾದ ರೀತಿ.

ಆದರೆ ತರುಣರು ಒಂದು ತಪ್ಪು ಮಾಡಿದ್ದಾರೆ. ಒಂದು ಜಿಲ್ಲೆಯಲ್ಲಿ 10 ಸಾವಿರ, ಇನ್ನೊಂದರಲ್ಲಿ 40 ಸಾವಿರ ಜನ ಎಂದುಕೊಳ್ಳೋಣ. ಅವರು ಎರಡನೆಯ ವೃತ್ತದ ಅಗಲವನ್ನು ನಾಲ್ಕರಷ್ಟು ಮಾಡಿದರು. ಅಡಿಗೆಮನೆಯಲ್ಲಿ ಕೇಳಿದ್ದರೆ ಸರಿಯಾದ ಉತ್ತರ ಸಿಗುತ್ತಿತ್ತು. ದೋಸೆಯ ಅಗಲ ಎರಡರಷ್ಟಾದರೆ ಹಿಟ್ಟು ನಾಲ್ಕರಷ್ಟು ಬೇಕು. ಅಗಲ ನಾಲ್ಕರಷ್ಟಾದರೆ ಹದಿನಾರರಷ್ಟು. ಕಣ್ಣು ನೋಡುವುದು ದೋಸೆಯ ಹರವನ್ನು. ಆದ್ದರಿಂದ ನಾಲ್ಕರಷ್ಟು ಜನಕ್ಕೆ ಅಗಲ ಎರಡರಷ್ಟಾದರೆ ಸಾಕು. ಅಂಕಿಯ ವರ್ಗಮೂಲ ತೆಗೆದು ವೃತ್ತ ಎಳೆಯಬೇಕು. ಹಾಗೆ ಎಳೆದರೂ ದೊಡ್ಡ ವೃತ್ತಗಳನ್ನು ಜನ ಇರುವುದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಅಂದಾಜು ಮಾಡುತ್ತಾರೆಂದು ಅಮೆರಿಕದ ಜೇಮ್ಸ್ ಫ್ಲಾನರಿಯವರು ಪರೀಕ್ಷಿಸಿ ತೋರಿಸಿದ್ದಾರೆ. ಆದ್ದರಿಂದ ಮೂಲೆಯಲ್ಲಿ ಮೂರು ಮಾದರಿ ವೃತ್ತಗಳನ್ನು ಬರೆದು ಇದಿಷ್ಟು, ಇದಿಷ್ಟು ಎಂದು ತೋರಿಸುವುದು ಅವಶ್ಯ. ನಮ್ಮ ಭೂಪಟದಲ್ಲಿ ಅದು ಇರಲಿಲ್ಲ.

ನಾಲ್ಕನೆಯದು ಚುಕ್ಕಿಗಳ ಭೂಪಟ. ಒಂದು ಚುಕ್ಕಿಗೆ 500 ಜನ. ದೂರದಿಂದ ನೋಡಿದರೆ ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದು ತಾನಾಗಿ ಕಾಣುತ್ತದೆ. ನಾಲ್ಕರಲ್ಲಿ ಕಣ್ಣಿಗೆ ಹಿತವಾದದ್ದು ಇದೇ. ಒಂದೊಂದು ಸಾವನ್ನೂ ಅದರ ಮನೆಯಲ್ಲೇ ಗುರುತು ಹಾಕಿದರೆ ಎಂಥ ಶಕ್ತಿ ಬರುತ್ತದೆಂಬುದನ್ನು ಲಂಡನ್ನಿನ ಡಾ. ಜಾನ್ ಸ್ನೋ 1854ರ ಕಾಲರಾ ಸಮಯದಲ್ಲಿ ತೋರಿಸಿಕೊಟ್ಟರು; ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ನೆರೆದಿದ್ದವು. ಆದರೆ ಸ್ನೋ ಅವರಿಗೆ ಮನೆಗಳು ಗೊತ್ತಿದ್ದವು. ನಮ್ಮ ತರುಣರಿಗೆ ಗೊತ್ತಿದ್ದದ್ದು ಜಿಲ್ಲೆಯ ಒಟ್ಟು ಮೊತ್ತ ಮಾತ್ರ. ಹಾಗಾಗಿ ಚುಕ್ಕಿಗಳನ್ನು ಜಿಲ್ಲೆಯ ತುಂಬ ಸಮನಾಗಿ ಎರಚಿಬಿಟ್ಟಿದ್ದಾರೆ. ಪರಿಣಾಮವಾಗಿ ಸತ್ಯಮಂಗಲದ ಹುಲಿ ಕಾಡಿನ ನಡುವೆ ಆನೆಗಳ ಜೊತೆ ಸಾವಿರಾರು ಕನ್ನಡಿಗರು ವಾಸವಾಗಿದ್ದಾರೆ, ತಾಳವಾಡಿ ಮಾತ್ರ ಖಾಲಿ ಖಾಲಿ! ಚುಕ್ಕಿ ನಿಖರವಾಗಿ ಕಾಣುವುದರಿಂದಲೇ ಅದರ ಸುಳ್ಳು ಹೆಚ್ಚು ಅಪಾಯದ್ದು. ಜನಗಣತಿಯ ಮಾತೃಭಾಷಾ ಕೋಷ್ಟಕಗಳಲ್ಲಿ ತಾಲ್ಲೂಕುವಾರು ಅಂಕಿಗಳೂ ಇವೆ. ಅವನ್ನು ಹಿಡಿದು, ಕಾಡುಗುಡ್ಡ ಬಿಟ್ಟು ಊರುಗಳಿರುವ ಕಡೆ ಚುಕ್ಕಿ ಇಟ್ಟರೆ ಈ ಭೂಪಟ ಮೊದಲ ಬಹುಮಾನಕ್ಕೆ ಯೋಗ್ಯ.

ಗೋಡೆಯ ಮೇಲೆ ಇಲ್ಲದಿದ್ದ ಎರಡು ಬಗೆಗಳನ್ನೂ ಹೇಳಿಬಿಡೋಣ. ಒಂದು ಸಮರೇಖೆಗಳದು; ಸಮಾನ ಮಳೆಯ ಊರುಗಳನ್ನು ಒಂದೇ ಗೆರೆಯಿಂದ ಜೋಡಿಸುವ ರೀತಿ. ಮಳೆಗೆ ಅದು ಸರಿ, ಏಕೆಂದರೆ ಮಳೆ ಒಂದೂರಿನಿಂದ ಇನ್ನೊಂದೂರಿಗೆ ಮೆಲ್ಲಗೆ ಏರಿಳಿಯುತ್ತದೆ. ಭಾಷೆ ಹಾಗಲ್ಲ, ಒಂದೇ ವಠಾರದಲ್ಲಿ ನಾಲ್ಕು ಮನೆಗೆ ನಾಲ್ಕು ಭಾಷೆ ಇರುತ್ತದೆ. ಅದಕ್ಕೆ ಈ ರೀತಿ ಬೇಡ. ಇನ್ನೊಂದು ಪ್ರವಾಹದ ಭೂಪಟ. ಎಲ್ಲಿಂದ ಎಲ್ಲಿಗೆ ಎಷ್ಟು ಜನ ಹೋದರೆಂಬುದನ್ನು ಪಟ್ಟಿಯ ದಪ್ಪದಿಂದ ತೋರಿಸುವುದು. ನೆಪೋಲಿಯನ್ನನ ಸೈನ್ಯ ಮಾಸ್ಕೋಗೆ ಹೋಗಿ ಕರಗಿ ಹಿಂದಿರುಗಿದ್ದನ್ನು ಮಿನಾರ್ ಎಂಬ ಫ್ರೆಂಚ್ ಎಂಜಿನಿಯರು 1869ರಲ್ಲಿ ಹೀಗೆಯೇ ಬರೆದರು. ವುಡ್‌ಲ್ಯಾಂಡ್ಸಿನ ಕೃಷ್ಣರಾಯರಂತೆ ಉಡುಪಿಯ ಕಡೆಯಿಂದ ಈ ಊರಿಗೆ ಬಂದು ನೆಲೆನಿಂತವರ ಕಥೆಗೆ ಇದಕ್ಕಿಂತ ಒಪ್ಪುವ ಭೂಪಟ ಇನ್ನಿಲ್ಲ. ತರುಣರು ಮುಂದಿನ ವರ್ಷ ಪ್ರಯತ್ನಿಸಬಹುದು.

ಇನ್ನು ಅಲಂಕಾರದ ವಿಷಯ. ಎರಡನೆಯ ಭೂಪಟದಲ್ಲಿ ಕೆಂಪು, ಹಸಿರು, ನೇರಳೆ, ಹಳದಿ ಎಲ್ಲವೂ ಇವೆ. ಹೆಚ್ಚು ಕಡಮೆಯನ್ನು ಹೇಳುವಾಗ ಒಂದೇ ಬಣ್ಣ ತೆಳುವಿನಿಂದ ಗಾಢಕ್ಕೆ ಹೋಗಬೇಕು. ಹಸಿರು ಹೆಚ್ಚೋ ನೇರಳೆ ಹೆಚ್ಚೋ ಎಂದು ಯಾರು ಹೇಳಬಲ್ಲರು? ಕೆಂಪು ಹಸಿರಿನ ಭೇದ ತಿಳಿಯದ ಕಣ್ಣುಗಳೂ ನಮ್ಮ ನಡುವೆ ಇವೆ. ಜೊತೆಗೆ ಪತ್ರಿಕೆ ಅಚ್ಚಾಗುವುದು ಕಪ್ಪು ಬಿಳುಪಿನಲ್ಲಿ. ಅಲ್ಲಿ ಕೆಂಪೂ ಹಸಿರೂ ಒಂದೇ ಬೂದಿ ಬಣ್ಣವಾಗುತ್ತವೆ. ಹೆಸರುಗಳ ಅಕ್ಷರವೂ ತೀರ ಸಣ್ಣದು. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ನಮ್ಮದಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು. ಇಂಗ್ಲಿಷ್ ಭೂಪಟದ ಅಳತೆಯಲ್ಲೇ "ಕೃಷ್ಣಗಿರಿ" ಎಂದು ಬರೆದರೆ ಷಕಾರದ ಕೆಳಗಿನ ಒತ್ತು ಶಾಯಿಯ ಮಚ್ಚೆಯಾಗುತ್ತದೆ. ಕನ್ನಡ ಭೂಪಟದಲ್ಲಿ ಹೆಸರುಗಳು ಕಡಮೆಯಾದರೂ ಚಿಂತೆಯಿಲ್ಲ, ಅಕ್ಷರ ದೊಡ್ಡದಿರಲಿ. ಎಲ್ಲಕ್ಕಿಂತ ದೊಡ್ಡ ಲೋಪ, ನಾಲ್ಕರಲ್ಲಿ ಮೂರಕ್ಕೆ ಇಸವಿಯೇ ಇಲ್ಲ. ತಾರೀಖಿಲ್ಲದ ಅರ್ಜಿಯನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ.

ಕಡೆಯದಾಗಿ, ಭೂಪಟಕ್ಕಿಂತ ಹಿಂದಿನ ಒಂದು ಪ್ರಶ್ನೆ. ನೀಲಗಿರಿ ಅಷ್ಟು ಗಾಢವಾಗಿರುವುದಕ್ಕೆ ಕಾರಣವೇನು? ಜನಗಣತಿಯವರು ಬಡಗ ನುಡಿಯನ್ನು ಕನ್ನಡದ ಗುಂಪಿನಲ್ಲಿ ಸೇರಿಸಿದ್ದಾರೆ. 2011ರಲ್ಲಿ ಬಡಗ ತಮ್ಮ ಮಾತೃಭಾಷೆ ಎಂದು ಬರೆಸಿದವರು ಸುಮಾರು 1.33 ಲಕ್ಷ; ಬಹುತೇಕ ನೀಲಗಿರಿಯವರೇ. ಅವರನ್ನು ಬಿಟ್ಟರೆ ಆ ಜಿಲ್ಲೆಯ ಬಣ್ಣ ಇಳಿಯುತ್ತದೆ. ತಮ್ಮದು ಬೇರೆಯೇ ಭಾಷೆ ಎಂದು ಹೇಳುವ ಬಡಗರು ಅನೇಕರಿದ್ದಾರೆ. ನಂಟು ಹತ್ತಿರದ್ದೆಂದು ಹೇಳುವ ವಿದ್ವಾಂಸರೂ ಇದ್ದಾರೆ. ನಮ್ಮ ಬಲ ಹೆಚ್ಚಾಗಿ ಕಾಣಲೆಂದು ಅವರನ್ನು ಸದ್ದಿಲ್ಲದೆ ಸೇರಿಸಿಕೊಳ್ಳುವುದು ತರವಲ್ಲ. ಬೇರೆಯವರ ಭೂಪಟದಲ್ಲಿ ನಾವು ಮಾಯವಾದರೆ ನೋವಾಗುವಂತೆ, ನಮ್ಮ ಭೂಪಟದಲ್ಲಿ ಅವರು ಮಾಯವಾದರೆ ಅವರಿಗೂ ನೋವಾದೀತು. ಕೆಳಗೆ ಒಂದು ಸಾಲು ಬರೆದರೆ ಸಾಕು: "ಈ ಲೆಕ್ಕದಲ್ಲಿ ಬಡಗವೂ ಸೇರಿದೆ."

ಸಮಿತಿಗೆ ನಮ್ಮ ಶಿಫಾರಸು ಇಷ್ಟು. ಒಂದು ಭೂಪಟ ಸಾಲದು, ಎರಡು ಬೇಕು. ಒಂದು ತಾಲ್ಲೂಕುವಾರು ಛಾಯಾ ಭೂಪಟ, ಶೇಕಡ 15ರಲ್ಲಿ ಕಡ್ಡಾಯವಾಗಿ ಒಂದು ಮೆಟ್ಟಿಲಿರಲಿ. ಇನ್ನೊಂದು ವರ್ಗಮೂಲ ತೆಗೆದು ಎಳೆದ ವೃತ್ತಗಳದು. ಮೊದಲನೆಯದು ನಮ್ಮ ಸಾಂದ್ರತೆ ಎಲ್ಲಿದೆ ಎಂದು ಹೇಳುತ್ತದೆ, ಎರಡನೆಯದು ನಾವು ಎಷ್ಟು ಮಂದಿ ಎಂದು. ಎರಡನ್ನೂ ಎದುರುಬದುರು ಪುಟಗಳಲ್ಲಿ ಅಚ್ಚು ಹಾಕಿಸಬೇಕು. ಮೊದಲನೆಯ ಭೂಪಟ ಶಾಲೆಗೆ ಹೋಗಲಿ. ಚುಕ್ಕಿಗಳದು ತಿದ್ದುಪಡಿಯಾಗಿ ಬರಲಿ. ತರುಣರು ಇದನ್ನು ನಿಂದನೆ ಎಂದು ಭಾವಿಸಬಾರದು. ಅವರು ಗೋಡೆಗೆ ಹಾಕಿರದಿದ್ದರೆ ನಮಗೆ ಇಷ್ಟೆಲ್ಲ ಯೋಚಿಸುವ ಸಂದರ್ಭವೇ ಬರುತ್ತಿರಲಿಲ್ಲ.

ಓದುಗರಿಗೂ ಒಂದು ಕೆಲಸವಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಆಧಾರ ದಿನವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿತು. ಜನಗಣತಿಯಲ್ಲಿ ಮಾತೃಭಾಷೆ ಎಂದರೆ, ಬಾಲ್ಯದಲ್ಲಿ ತಾಯಿ ನಮ್ಮೊಡನೆ ಆಡಿದ ಮಾತು. ಎಣಿಸುವವರು ಬಾಗಿಲಿಗೆ ಬಂದಾಗ, "ಈ ಊರಿನಲ್ಲೇ ಹುಟ್ಟಿದ ಮಗು, ತಮಿಳೇ ಅಂತ ಬರೆದುಕೊಳ್ಳಿ, ಯಾವುದಾದರೇನು" ಎಂದು ಅವಸರದಲ್ಲಿ ಹೇಳಿದವರು ನಮ್ಮಲ್ಲಿ ಕಡಮೆಯೇನಿಲ್ಲ. ಹಾಗೆ ಹೇಳಿದ ಮೇಲೆ ಭೂಪಟ ಬರೆದವರನ್ನು ದೂರಿ ಪ್ರಯೋಜನವಿಲ್ಲ. ಮನೆಯಲ್ಲಿ ಮಗುವಿನೊಡನೆ ಕನ್ನಡ ಆಡಿ, ಕನ್ನಡವೆಂದೇ ಬರೆಸಬೇಕು; ಆಡುವುದಿಲ್ಲವಾದರೆ ಬರೆಸಲೂ ಬಾರದು. ಭೂಪಟ ಸುಳ್ಳು ಹೇಳಬಾರದೆಂದು ಕೇಳುವ ನಾವೂ ಸುಳ್ಳು ಹೇಳಬಾರದಷ್ಟೆ.

ಹುಡುಗಿಗೆ ಅಂದು ನಾವು ಕೊಟ್ಟ ಉತ್ತರ, "ಇದ್ದೇವಮ್ಮ, ಈ ಭೂಪಟಕ್ಕೆ ಕಾಣಿಸುತ್ತಿಲ್ಲ, ಅಷ್ಟೇ" ಎಂದು. ಅವಳಿಗೆ ಅದು ಸಮಾಧಾನವಾದಂತೆ ತೋರಲಿಲ್ಲ. ಮೂರನೆಯ ಭೂಪಟದ ಬಳಿಗೆ ಕರೆದುಕೊಂಡು ಹೋಗಿ, ಸಮುದ್ರದ ಅಂಚಿನ ವೃತ್ತದ ಮೇಲೆ ಅವಳ ಬೆರಳಿಟ್ಟೆವು. "ಇದರಲ್ಲಿ ನಾನೂ ಇದ್ದೀನಾ?" ಎಂದಳು. ಆಕೆಯ ಮನೆ ನಂಗನಲ್ಲೂರು. 2011ರ ಲೆಕ್ಕದ ಪ್ರಕಾರ ಅವಳ ಮನೆಯವರು ಪಕ್ಕದ ವೃತ್ತದಲ್ಲಿದ್ದಾರೆ. ಅವಳಂತೂ ಆಗ ಹುಟ್ಟಿಯೇ ಇರಲಿಲ್ಲ. "ಮುಂದಿನದರಲ್ಲಿ ಇರುತ್ತೀಯ" ಎಂದೆವು.